ಹನ್ನೆರಡು ಜೋಡಿ, ಹನ್ನೆರಡು ಗಂಟು

ಆ ಹುಡುಗಿ ತೂಕದ ಯಂತ್ರವನ್ನು ತಬ್ಬಿಕೊಂಡು ಬಸ್ಸಿಳಿಯುವುದನ್ನು ನೋಡಿದಾಗಲೇ ನನಗೆ ಆಯಾಸವಾಯಿತು. ಹೊರಗಿನಿಂದ ಬಂದವರೆಲ್ಲ ಇಂಥದ್ದೊಂದನ್ನು ತರುತ್ತಾರೆ. ಟೇಪು ತರುತ್ತಾರೆ, ಲೀಟರು ಪಾತ್ರೆ ತರುತ್ತಾರೆ, ಕಂಕುಳಲ್ಲಿ ಇಡುವ ಜ್ವರದ ಕಡ್ಡಿ ತರುತ್ತಾರೆ. ಒಂದೆರಡು ದಿನ ಅದರೊಂದಿಗೆ ಜಗಳವಾಡಿ, ಆಮೇಲೆ ಚೆಲುವಾಜಮ್ಮನ ಮನೆ ಎಲ್ಲಿ ಎಂದು ಕೇಳಿಕೊಂಡು ಬರುತ್ತಾರೆ. ಚೆಲುವಾಜಮ್ಮ ನಾನೇ.

ನಮ್ಮೂರಿನಲ್ಲಿ ಅಳತೆ ನಿಲ್ಲುವುದಿಲ್ಲ. ಬೆಳಿಗ್ಗೆ ಒಂದು ಕಿಲೋ ಇದ್ದ ಕಲ್ಲು ಸಂಜೆಗೆ ಎಷ್ಟಿರುತ್ತದೋ ಹೇಳಲಾಗದು. ಗಜಕಡ್ಡಿ ಮೂಲೆಯಲ್ಲಿ ನಿಂತಲ್ಲೇ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಎಣಿಕೆಗೆ ತೊಂದರೆಯಿಲ್ಲ, ಹತ್ತು ಬದನೆಕಾಯಿ ನಾಳೆಯೂ ಹತ್ತೇ. ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟರೆ ದೊಡ್ಡದು ದೊಡ್ಡದೇ, ಚಿಕ್ಕದು ಚಿಕ್ಕದೇ, ಅದರಲ್ಲೂ ಮೋಸವಿಲ್ಲ. ಹಾಗಾಗಿ ನಮ್ಮ ತಕ್ಕಡಿಗಳಿಗೆ ಎರಡು ತಟ್ಟೆಗಳಿವೆ, ಕಲ್ಲುಗಳಿಲ್ಲ. ದರ್ಜಿ ಬಟ್ಟೆಯನ್ನು ಮೈಮೇಲೆ ಹಾಸಿ ಕತ್ತರಿಸುತ್ತಾನೆ. ತಾಯಂದಿರು ಜ್ವರ ಬಂದ ಮಗುವಿನ ಹಣೆಗೆ ಒಂದು ಕೈ, ಬರದ ಮಗುವಿನ ಹಣೆಗೆ ಇನ್ನೊಂದು ಕೈ ಇಟ್ಟು ನೋಡುತ್ತಾರೆ. ಒಂದೇ ಮಗು ಇರುವವಳು ಪಕ್ಕದ ಮನೆಯಿಂದ ಒಂದನ್ನು ಕರೆಸಿಕೊಳ್ಳುತ್ತಾಳೆ. ಮದುವೆಯ ಮಾತುಕತೆಗೆ ಬಂದವರು ಹುಡುಗನ ಎತ್ತರ ಎಷ್ಟು ಎಂದು ಕೇಳುವುದಿಲ್ಲ, ಹುಡುಗ ಹುಡುಗಿ ಇಬ್ಬರನ್ನೂ ಗೋಡೆಗೆ ಒರಗಿಸುತ್ತಾರೆ.

ನನ್ನ ಕಸುಬು ಸಾಲು ಕಟ್ಟುವುದು. ಕುಂಬಳ, ಮೀನು, ಹಗ್ಗ, ಕುರಿ, ಸಂತೆಗೆ ಬಂದದ್ದು ಏನೇ ಇರಲಿ, ಚಿಕ್ಕದರಿಂದ ದೊಡ್ಡದಕ್ಕೆ ನಿಲ್ಲಿಸಿ ಇದಕ್ಕೆ ಮೊದಲನೆಯ ಜಾಗ, ಇದಕ್ಕೆ ಎರಡನೆಯದು ಎಂದು ಹೇಳುತ್ತೇನೆ. ಬೆಲೆ ಆ ಜಾಗಕ್ಕೆ. ಈ ಕೆಲಸದಲ್ಲಿ ನನ್ನ ಮಂಡಿಗಳು ಸವೆದುಹೋಗಿವೆ. ಕಟ್ಟಳೆ ಎರಡೇ. ಸರಿಸಮ ಬಂದವು ಜಾಗ ಹಂಚಿಕೊಳ್ಳಬೇಕು. ಮೂರನೆಯ, ನಾಲ್ಕನೆಯ ಜಾಗದಲ್ಲಿ ಎರಡು ಕುರಿಗಳು ಸಮವಾಗಿದ್ದರೆ ಎರಡೂ ಮೂರೂವರೆಯಲ್ಲಿ ನಿಲ್ಲುತ್ತವೆ. ಇನ್ನೊಂದು, ಸಾಲು ಕಟ್ಟುವ ಮೊದಲೇ ಏನನ್ನು ನೋಡುತ್ತೇನೆ, ಹೇಗೆ ನೋಡುತ್ತೇನೆ ಎಂದು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಬೇಕು. ನೋಟ ಸಾರುವುದು ಎನ್ನುತ್ತೇವೆ. ಸಾರಿದ ಮೇಲೆ ಬದಲಿಸುವಂತಿಲ್ಲ. ತೂಕಕ್ಕೆ ನೋಡುತ್ತೇನೆಂದು ಸಾರಿದವಳು ನಡುವೆ ನಮ್ಮವರ ಕುಂಬಳ ಉದ್ದವಾಗಿದೆ ಎಂದು ಉದ್ದಕ್ಕೆ ಹೊರಳಿದರೆ, ಮರುವಾರದಿಂದ ಅವಳನ್ನು ಸಂತೆಗೆ ಯಾರೂ ಕರೆಯುವುದಿಲ್ಲ.

ಹುಡುಗಿಯ ಹೆಸರು ಮೇದಿನಿ. ಮಕ್ಕಳ ಆಹಾರದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅವಳನ್ನು ಕಳಿಸಿದ ಕಚೇರಿ ನಮ್ಮ ಗಂಜಿಮನೆಯ ವಿಷಯ ತೀರ್ಮಾನಿಸಬೇಕಾಗಿತ್ತು. ಗಂಜಿಮನೆ ನಡೆಸುವವಳು ನನ್ನ ಓರಗಿತ್ತಿ, ಭಾವನವರ ಹೆಂಡತಿ ದ್ಯಾವೀರಮ್ಮ. ರಾಗಿ, ಹೆಸರುಬೇಳೆ, ಬೆಲ್ಲ ಹಾಕಿ ಬೆಳಗಾಗುವುದರೊಳಗೆ ಒಂದು ದೊಡ್ಡ ಹಂಡೆ ಗಂಜಿ ಕಾಯಿಸಿ, ಊರಿನ ಚಿಕ್ಕ ಮಕ್ಕಳಿಗೆಲ್ಲ ಬಟ್ಟಲಿಗೆ ಹಾಕುತ್ತಾಳೆ. ಭಾವ ತೀರಿಕೊಂಡ ಮೇಲೆ ಅವಳ ಬದುಕು ಆ ಒಲೆಯ ಮುಂದೆಯೇ ಕಳೆದಿದೆ. ಈಗ ಕಚೇರಿಯವರು ಪೊಟ್ಟಣದ ಪುಡಿ ತಂದಿದ್ದರು. ಬಿಸಿನೀರಿಗೆ ಹಾಕಿ ಕಲಕಿದರೆ ಆಯಿತು, ಸೌದೆ ಬೇಡ, ಅಡುಗೆಯವಳೂ ಬೇಡ. ಪುಡಿಗಿಂತ ಗಂಜಿಯೇ ಮೇಲು ಎಂದು ತೋರಿದರೆ ಗಂಜಿಮನೆ ಉಳಿಯುತ್ತದೆ, ತೋರದಿದ್ದರೆ ಮುಚ್ಚುತ್ತದೆ. ಅಷ್ಟೇ ಮಾತು.

ಮೇದಿನಿ ಗಂಜಿಮನೆಯ ಜಗಲಿಯಲ್ಲಿ ಯಂತ್ರ ಇಟ್ಟು ನಾಲ್ಕು ಮಕ್ಕಳನ್ನು ಹತ್ತಿಸಿದಳು. ಹನ್ನೊಂದು, ಒಂಬತ್ತು, ಹದಿನಾಲ್ಕು, ಇನ್ನೂರ ಹನ್ನೆರಡು. ಇನ್ನೂರ ಹನ್ನೆರಡು ಬಂದ ಮಗು ಇಳಿಯಲು ಒಪ್ಪಲಿಲ್ಲ. ಪಂಚಾಯಿತಿಯ ಅಧ್ಯಕ್ಷ ಕೆಂಪಸಿದ್ದಯ್ಯ ಅಲ್ಲೇ ಬೀಡಿ ಸೇದುತ್ತ ನಿಂತಿದ್ದ.

"ಸರಾಸರಿ ತೆಗೀರಿ ಮೇಡಂ. ಗಂಜಿ ಕುಡ್ದ ಮಕ್ಕಳು ಒಂದೊಂದೂ ಅರವತ್ತು ಕಿಲೋ ಅವೆ ಅಂತ ಬರೀರಿ. ಪೊಟ್ಟಣದೋರು ಹೆದರ್ಕೊಂಡು ಓಡೋಯ್ತಾರೆ."

"ಒಂದು ಮಗು ಎಲ್ಲರ ತೂಕ ಹೊತ್ಕೊಂಡು ನಿಂತಿದೆ ಅಧ್ಯಕ್ಷರೇ. ಅದು ಸರಾಸರಿ ಅಲ್ಲ, ಯಂತ್ರದ ಹುಚ್ಚು" ಎಂದು ಅವಳು ಯಂತ್ರವನ್ನು ಗೋಣಿಚೀಲದೊಳಗೆ ಹಾಕಿ ಕಟ್ಟಿದಳು. ಮಧ್ಯಾಹ್ನ ನನ್ನ ಮನೆಗೆ ಬಂದಳು. ಬಾಗಿಲಲ್ಲೇ ಕೂತು, "ನಮ್ಮ ಪುಸ್ತಕದಲ್ಲೂ ಇದಕ್ಕೆ ದಾರಿ ಇದೆ ಅಮ್ಮ. ಅಂಕಿ ನಂಬೋಕಾಗದ ಕಡೆ, ಒಂದೆರಡು ಅಂಕಿ ಹುಚ್ಚಾಪಟ್ಟೆ ಹೋಗೋ ಕಡೆ, ಎಷ್ಟು ಅಂತ ಕೇಳೋದಿಲ್ಲ, ಎಷ್ಟನೇದು ಅಂತ ಕೇಳ್ತೀವಿ. ನಾನ್‌ಪ್ಯಾರಮೆಟ್ರಿಕ್ ಪರೀಕ್ಷೆ ಅಂತಾರೆ" ಎಂದಳು.

"ಹೆಸರು ದೊಡ್ಡದಾಯ್ತು ಕಣವ್ವ. ನಾವು ಸಾಲು ಅಂತೀವಿ" ಎಂದೆ. ಅವಳು ನಕ್ಕಳು. ಊಟ ಮಾಡಿರಲಿಲ್ಲ ಎಂದು ಮುಖ ಹೇಳುತ್ತಿತ್ತು. ಮುದ್ದೆ ಇಟ್ಟೆ.

ಅವಳು ಉಣ್ಣುತ್ತಲೇ ಕೇಳಿದಳು, ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. ಮಕ್ಕಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ, ಗಂಜಿಯವರು ಯಾವ ತುದಿಗೆ ಹೆಚ್ಚು, ಪುಡಿಯವರು ಯಾವ ತುದಿಗೆ ಹೆಚ್ಚು ಎಂದು ನೋಡಬಹುದು. ಆದರೆ ಮೂರು ವರ್ಷದ್ದನ್ನೂ ಐದು ವರ್ಷದ್ದನ್ನೂ ಒಂದೇ ಸಾಲಿಗೆ ತಂದರೆ ವಯಸ್ಸೇ ಸಾಲು ಕಟ್ಟಿಬಿಡುತ್ತದೆ, ಗಂಜಿಯ ಮಾತು ಕೇಳಿಸುವುದಿಲ್ಲ. ಅದಕ್ಕೆ ಅವಳು ಜೋಡಿ ಮಾಡೋಣ ಎಂದಳು. ತಕ್ಕಡಿಯಲ್ಲಿ ಸಮ ತೂಗುವ ಎರಡು ಮಕ್ಕಳು ಒಂದು ಜೋಡಿ. ಒಬ್ಬರಿಗೆ ಗಂಜಿ, ಇನ್ನೊಬ್ಬರಿಗೆ ಪುಡಿ. ಹಂಗಾಮು ಕಳೆದ ಮೇಲೆ ಅದೇ ಇಬ್ಬರನ್ನೂ ಮತ್ತೆ ಎದುರುಬದುರು ಕೂರಿಸುವುದು.

"ಬರೀ ಯಾವ ತಟ್ಟೆ ಇಳೀತು ಅಂತ ಎಣಿಸಬಹುದು. ಸುಲಭ. ಆದ್ರೆ ಕೂದಲೆಳೆಯಷ್ಟರಲ್ಲಿ ಗೆದ್ದದ್ದೂ ಧೊಪ್ಪಂತ ಗೆದ್ದದ್ದೂ ಒಂದೇ ಆಗೋಗುತ್ತೆ" ಎಂದಳು.

"ಅದಕ್ಕೆ ಗಂಟು ಕಟ್ಟು" ಎಂದೆ. ಹಗುರಾದ ಮಗುವಿನ ತಟ್ಟೆಗೆ ತಕ್ಕಡಿ ಸಮ ಬರುವವರೆಗೂ ಮರಳು ಹಾಕುವುದು. ಆ ಮರಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿದರೆ ಅದೇ ಇಬ್ಬರ ನಡುವಿನ ಅಂತರ. ಕುಸ್ತಿಯವರ ಪಂದ್ಯಕ್ಕೆ ಹೀಗೆ ಮಾಡುತ್ತೇವೆ. ಆಮೇಲೆ ಗಂಟುಗಳನ್ನೇ ಸಾಲು ಕಟ್ಟುವುದು. ಅವಳ ಕೈ ಬಟ್ಟಲಲ್ಲೇ ನಿಂತಿತು. "ನಾವು ಕಾಗದದ ಮೇಲೆ ಮಾಡೋದನ್ನ ನೀವು ಮರಳಲ್ಲಿ ಮಾಡ್ತೀರಿ" ಎಂದಳು. ನನಗೆ ಆಗಲೇ ಕಣ್ಣಿಗೆ ಬಂದದ್ದು ಅಷ್ಟು ಮಕ್ಕಳನ್ನು ಎತ್ತಿ ಇಳಿಸುವ ಕೆಲಸ.

ಹನ್ನೆರಡು ಜೋಡಿ ಸಿಕ್ಕವು. ಯಾರಿಗೆ ಗಂಜಿ, ಯಾರಿಗೆ ಪುಡಿ ಎಂದು ಮೇದಿನಿ ಒಂದು ಮಗ್ಗುಲು ಉಜ್ಜಿದ ಹುಣಿಸೆಬೀಜ ಎಸೆದು ತೀರ್ಮಾನಿಸಿದಳು. ದ್ಯಾವೀರಮ್ಮನಿಗೆ ಸಿಟ್ಟು ಬಂತು.

"ನನ್ ಗಂಜಿನ ಜೂಜಿಗೆ ಇಟ್ಟಾ ನೀನು?"

"ನಾನೇ ಆರಿಸಿದ್ರೆ ಗಟ್ಟಿಮುಟ್ಟಾದವರನ್ನ ನಿಮ್ಮ ಕಡೆಗೆ ಹಾಕಿಬಿಡ್ತೀನಿ ದೊಡ್ಡಮ್ಮ. ನಿಮ್ಮ ಗಂಜಿ ನನಗೆ ಹಿಡಿಸಿದೆ. ಅದಕ್ಕೇ ಬೀಜ" ಎಂದಳು ಮೇದಿನಿ. ದ್ಯಾವೀರಮ್ಮ ಆ ದಿನದಿಂದ ಹುಡುಗಿಗೆ ಒಂದು ಬಟ್ಟಲು ಎತ್ತಿಡುವುದನ್ನು ರೂಢಿ ಮಾಡಿಕೊಂಡಳು.

ಗಂಜಿಮನೆಯ ಅಂಗಳದಲ್ಲಿ ಎಲ್ಲರ ಎದುರು ನೋಟ ಸಾರಿದೆವು. ಮಾತು ನನ್ನದು, ಲೆಕ್ಕ ಅವಳದು. ಗಂಜಿ, ಪುಡಿ ಎರಡೂ ಒಂದೇ ಆಗಿದ್ದರೂ ಬೀಜ ಬಿದ್ದ ಹಾಗೆ ಗಂಟುಗಳು ಆ ಕಡೆಗೊಂದಿಷ್ಟು, ಈ ಕಡೆಗೊಂದಿಷ್ಟು ಬೀಳುತ್ತವೆ. ಹಗುರ ಗಂಟಿಗೆ ಒಂದನೆಯ ಜಾಗ, ಭಾರದ್ದಕ್ಕೆ ಹನ್ನೆರಡನೆಯದು. ಗಂಜಿ ಸೋತ ಜೋಡಿಗಳ ಗಂಟುಗಳು ನಿಂತ ಜಾಗಗಳನ್ನು ಕೂಡುತ್ತೇವೆ. ಬರೀ ಬೀಜದಾಟದಲ್ಲಿ ಆ ಮೊತ್ತ ಹದಿಮೂರಕ್ಕೆ ಇಳಿಯುವುದು ಅಪರೂಪ, ಹಾಗಾಗಿ ಹದಿಮೂರು ಅಥವಾ ಅದಕ್ಕೆ ಒಳಗೆ ಬಂದರೆ ಗಂಜಿ ಮೇಲು. ಮೀರಿದರೆ, ಮೇಲು ಎಂದು ಹೇಳುವುದಿಲ್ಲ. ಕೆಂಪಸಿದ್ದಯ್ಯ ಬೀಡಿ ಆರಿಸಿ, "ಹದಿಮೂರೇ ಯಾಕೆ, ಹದಿನೈದು ಮಾಡಿ, ಬಡವರು ಬದುಕ್ಲಿ" ಎಂದ. ಸಂತೆಯಲ್ಲಿ ಚೌಕಾಸಿ ಮಾಡಿ ಅವನಿಗೆ ಅಭ್ಯಾಸ.

ಹಂಗಾಮು ಕಳೆಯಿತು. ಪುಡಿಯ ಮಕ್ಕಳಿಗೆ ಮೇದಿನಿ ಒಬ್ಬೊಬ್ಬರ ಮುಂದೆಯೂ ಒಂದೊಂದು ಪೊಟ್ಟಣ ಒಡೆದು ಕಲಸಿಕೊಡುತ್ತಿದ್ದಳು. ಗಂಜಿಯ ಮಕ್ಕಳು ಮಾಮೂಲಿ ಮಕ್ಕಳ ಜೊತೆಗೇ ಹಂಡೆಯ ಮುಂದೆ ನಿಲ್ಲುತ್ತಿದ್ದರು. ಇದರಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ನಾನೂ ನೋಡಲಿಲ್ಲ, ಅವಳೂ ನೋಡಲಿಲ್ಲ.

ತೂಗುವ ದಿನ ಬಂತು. ಹುಣಿಸೆಮರದ ಕೊಂಬೆಗೆ ದೊಡ್ಡ ತಕ್ಕಡಿ ಕಟ್ಟಿ ಒಂದೊಂದೇ ಜೋಡಿಯನ್ನು ಕೂರಿಸಿದೆವು. ಗಂಜಿ ಗೆದ್ದರೆ ಬಿಳಿ ಬಟ್ಟೆಯ ಗಂಟು, ಸೋತರೆ ಕೆಂಪು ಬಟ್ಟೆಯ ಗಂಟು. ಬಿಳಿ, ಬಿಳಿ, ಬಿಳಿ, ಮತ್ತೆ ಬಿಳಿ. ಜನ ಗುಜುಗುಜು ಮಾಡತೊಡಗಿದರು. ದ್ಯಾವೀರಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಸೌಟು ಕೈಯಲ್ಲೇ ಇತ್ತು. ಕೊನೆಗೆ ಬಿಳಿಯವು ಒಂಬತ್ತು, ಕೆಂಪು ಮೂರು.

"ಮುಗೀತಲ್ಲ. ಹನ್ನೆರಡಕ್ಕೆ ಒಂಬತ್ತು" ಎಂದು ಕೆಂಪಸಿದ್ದಯ್ಯ ಎದ್ದ.

"ಕೂತ್ಕೊಳಪ್ಪ, ಇನ್ನೂ ಗಂಟು ಸಾಲಾಗಿಲ್ಲ" ಎಂದೆ. ನನ್ನ ಕೈಗೆ ಆಗಲೇ ಗೊತ್ತಾಗಿತ್ತು. ಬಿಳಿಯ ಗಂಟುಗಳಲ್ಲಿ ಹೆಚ್ಚಿನವನ್ನು ಎರಡೆರಡಾಗಿ ಎತ್ತಿಡುತ್ತಿದ್ದೆ, ಕೆಂಪು ಒಂದೊಂದಕ್ಕೂ ಸೊಂಟ ಬಗ್ಗಿಸಬೇಕಾಗಿತ್ತು. ತಕ್ಕಡಿಯಲ್ಲಿ ಗಂಟಿಗೆ ಗಂಟು ಎದುರಿಟ್ಟು ಜಗಲಿಯುದ್ದಕ್ಕೂ ಸಾಲು ಕಟ್ಟಿದೆ. ಹನ್ನೆರಡನೆಯ ಜಾಗ ಕೆಂಪು. ಹನ್ನೊಂದನೆಯದು ಕೆಂಪು. ಉಳಿದ ಕೆಂಪು ಗಂಟು ಒಂದು ಬಿಳಿ ಗಂಟಿಗೆ ಸಮ ತೂಗಿತು, ಎಂಟನೆಯ ಒಂಬತ್ತನೆಯ ಜಾಗ ಹಂಚಿಕೊಂಡು ಎಂಟೂವರೆಯಲ್ಲಿ ನಿಂತಿತು. ಒಟ್ಟು ಮೂವತ್ತೊಂದೂವರೆ. ಹದಿಮೂರು ಎಲ್ಲಿ, ಮೂವತ್ತೊಂದೂವರೆ ಎಲ್ಲಿ.

ನಾನು ಮರಳಿನ ಕೈ ಸೀರೆಗೆ ಒರೆಸಿಕೊಂಡೆ. ಕೆಂಪಸಿದ್ದಯ್ಯ ಮೇದಿನಿಯ ಹತ್ತಿರ ಹೋಗಿ ದನಿ ತಗ್ಗಿಸಿದ. "ಗಂಟು ಬುಡಿ ಮೇಡಂ. ಯಾವ ತಟ್ಟೆ ಇಳೀತು ಅಂತ ಮಾತ್ರ ಎಣಿಸೋ ಲೆಕ್ಕಾನೂ ಐತಂತಲ್ಲ ನಿಮ್ಮಲ್ಲಿ."

"ಆ ಲೆಕ್ಕಕ್ಕೂ ಹತ್ತು ಬೇಕಿತ್ತು, ಒಂಬತ್ತು ಸಾಲಲ್ಲ. ಸಾಕಿದ್ರೂ ಈಗ ಬದಲಿಸೋಕಾಗಲ್ಲ. ಗಂಟು ನೋಡ್ತೀವಿ ಅಂತ ಸಾರಿದೀವಿ" ಎಂದಳು ಮೇದಿನಿ. ಆಮೇಲೆ ಕೆಂಪು ಗಂಟುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಈ ಮೂರು ಯಾರವು?" ಎಂದು ಕೇಳಿದಳು.

ಆ ಜೋಡಿಗಳಲ್ಲಿ ಗಂಜಿ ಕುಡಿದವರ ಹೆಸರು ಹೇಳಿದೆ. ಮೂರೂ ಇಟ್ಟಿಗೆ ಗೂಡಿನ ಕಡೆಯ ಮಕ್ಕಳು. ಬಾಗಿಲಲ್ಲಿದ್ದ ದ್ಯಾವೀರಮ್ಮ ಸೌಟನ್ನು ನಿಧಾನವಾಗಿ ಕೆಳಗಿಟ್ಟಳು.

"ಅವು ಕಡೇಲಿ ಬರೋವು" ಎಂದಳು.

ಅಷ್ಟು ಸಾಕಿತ್ತು ನನಗೆ. ಗೂಡು ಊರಿನ ಹೊರಗೆ ದೂರದಲ್ಲಿದೆ. ತಾಯಂದಿರು ಹಸಿ ಇಟ್ಟಿಗೆ ಮಗುಚಿ ಮುಗಿಸಿದ ಮೇಲೆ ಮಕ್ಕಳನ್ನು ಬಿಡುತ್ತಾರೆ. ಅವು ಓಡಿ ಬರುವ ಹೊತ್ತಿಗೆ ಹಂಡೆ ತಳ ಕಂಡಿರುತ್ತದೆ. ದ್ಯಾವೀರಮ್ಮ ಯಾವ ಮಗುವನ್ನೂ ಬರಿ ಬಟ್ಟಲಲ್ಲಿ ಕಳಿಸಿದವಳಲ್ಲ. ತಳದ ಗಂಜಿಗೆ ಒಂದು ಚೊಂಬು ಬಿಸಿನೀರು, ಮತ್ತೂ ಬಂದರೆ ಮತ್ತೊಂದು ಚೊಂಬು. ಬಟ್ಟಲನ್ನು ಮಾತ್ರ ಮುಂಚಿನವರ ಬಟ್ಟಲಿನ ಪಕ್ಕ ಇಟ್ಟು, ಕಣ್ಣು ಮಟ್ಟಕ್ಕೆ ಬಗ್ಗಿ, ಅಂಚಿಗೆ ಅಂಚು ಸರಿ ಬರುವ ಹಾಗೆ ತುಂಬುತ್ತಿದ್ದಳು. ನಮ್ಮೂರಿನಲ್ಲಿ ನ್ಯಾಯ ಎಂದರೆ ಅದೇ. ಪಕ್ಕದ್ದಕ್ಕೆ ಸಮ ಕಂಡರೆ ಸಮ. ಬಟ್ಟಲು ಬಟ್ಟಲಿಗೆ ಸಮ ಇತ್ತು. ಬೆಳಿಗ್ಗೆಯ ಗಂಜಿಯನ್ನೂ ಕಡೆಯ ಗಂಜಿಯನ್ನೂ ಒಟ್ಟಿಗೆ ಬಾಯಿಗಿಟ್ಟು ನೋಡಿದವರು ಯಾರೂ ಇರಲಿಲ್ಲ.

ಮೇದಿನಿ ಕೇಳಿದಳು, "ನೀರು ಎಷ್ಟು ಬೆರೆಸ್ತಿದ್ರಿ ದೊಡ್ಡಮ್ಮ?"

"ಎಷ್ಟು ಅಂತ ಏನಂತ ಹೇಳ್ಲಿ ತಾಯಿ, ಈ ಊರಲ್ಲಿ?"

ಆಗ ಕೆಂಪಸಿದ್ದಯ್ಯನಿಗೆ ಜೀವ ಬಂತು. ಅವನು ಕೆಟ್ಟವನಲ್ಲ, ಗಂಜಿಮನೆ ಉಳಿಯಲಿ ಎಂದೇ ಅವನ ಆಸೆ. ಅವನ ಮೊಮ್ಮಕ್ಕಳೂ ಅಲ್ಲೇ ಕುಡಿಯುತ್ತಿದ್ದವು. "ಸರಿಹೋಯ್ತು. ಅವು ಮೂರೂ ಗಂಜಿ ಕುಡ್ದೇ ಇಲ್ಲ, ನೀರು ಕುಡ್ದವೆ. ಲೆಕ್ಕದಿಂದ ತೆಗೆದಾಕಿ. ಉಳಿದ ಒಂಬತ್ತಕ್ಕೆ ಒಂಬತ್ತೂ ಬಿಳಿ. ಇದರಲ್ಲಿ ಸುಳ್ಳೇನೈತೆ?"

ಸುಳ್ಳೇನೂ ಇರಲಿಲ್ಲ, ಅದೇ ಕಷ್ಟ. ಜನರೆಲ್ಲ ಹೌದು ಹೌದು ಎಂದರು. ಮೇದಿನಿ ಗಂಟುಗಳ ಸಾಲನ್ನು ಮತ್ತೆ ಮೊದಲಿನಿಂದ ಎಣಿಸಿದಳು. ಬೇಡ ಎನ್ನುವುದು ಆ ಹುಡುಗಿಗೆ ಎಷ್ಟು ಭಾರ ಎಂದು ನನಗೆ ಕಾಣುತ್ತಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ಸಾಲು ಕಟ್ಟಿದವಳು ಒಪ್ಪಿದರೆ ಊರು ಒಪ್ಪುತ್ತದೆ. ನಾನು ಓರಗಿತ್ತಿಯ ಕಡೆ ನೋಡಿದೆ. ಅವಳ ಹಂಡೆ, ಅವಳ ಒಲೆ, ಅವಳ ಮಿಕ್ಕ ವಯಸ್ಸು.

ದ್ಯಾವೀರಮ್ಮನೇ ಜಗಲಿ ಇಳಿದು ಬಂದಳು. ಕೆಂಪು ಗಂಟೊಂದನ್ನು ಎತ್ತಿ, ಭಾರ ನೋಡಿ, ಇದ್ದ ಜಾಗದಲ್ಲೇ ಇಟ್ಟಳು.

"ತೆಗೀಬೇಡಿ."

"ಅಕ್ಕ, ಯೋಚ್ನೆ ಮಾಡು" ಎಂದೆ.

"ಏನ್ ಯೋಚ್ನೆ ಮಾಡೋದೇ ಚೆಲ್ವಿ? ಅವು ನನ್ ಹಂಡೇಲೇ ಕುಡ್ದಿರೋದು. ಚೆನ್ನಾಗಿ ಬೆಳೆದೋವೆಲ್ಲ ನನ್ ಗಂಜಿದು, ಸೊರಗಿದೋವೆಲ್ಲ ನೀರಿಂದು ಅಂತ ಹೇಳ್ಕೊಂಡು ತಿರುಗ್ಲಾ? ನೀರು ಹಾಕ್ದೋಳು ಯಾರು? ಗಂಜಿಮನೆ ಅಂದ್ರೆ ಹಂಗೇ ಇತ್ತು. ಹಂಗೇ ಬರ್ಕೊಳ್ಳಲಿ."

ಕೆಂಪಸಿದ್ದಯ್ಯ, "ಒಲೆ ಆರೋಯ್ತದೆ ದ್ಯಾವೀರಮ್ಮ" ಎಂದ.

"ಗೊತ್ತು ಬುಡಪ್ಪ" ಎಂದು ಅವಳು ಒಳಗೆ ಹೋದಳು. ಹಂಡೆ ತಿಕ್ಕುವ ಸದ್ದು ಕೇಳಿಸಿತು.

ಮೇದಿನಿ ಮಾರನೆಯ ದಿನ ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದಳು. ಎರಡರಲ್ಲಿ ವ್ಯತ್ಯಾಸ ಇಲ್ಲ ಎಂದು ಅವಳು ಬರೆದಿರಲಿಲ್ಲ, ಇದೆ ಎಂದು ಹೇಳಲು ಸಾಧ್ಯವಾಗಲಿಲ್ಲ ಎಂದು ಬರೆದಿದ್ದಳು. ಕಡೆಯಲ್ಲಿ ಬರುವ ಮಕ್ಕಳ ಗಂಜಿ ತೆಳುವಾಗಿತ್ತೆಂದು ಅಡುಗೆಯವರೇ ಹೇಳಿದ್ದಾರೆ, ಇದನ್ನು ಬೇರೆಯಾಗಿ ಇನ್ನೊಮ್ಮೆ ಪರೀಕ್ಷಿಸಬೇಕು ಎಂದು ಕೆಳಗೆ ಸೇರಿಸಿದ್ದಳು.

"ಓದೋರಿಗೆ ಇವೆರಡೂ ಬೇರೆ ಅಂತ ತಿಳೀತದಾ?" ಎಂದು ಕೇಳಿದೆ.

"ತಿಳಿಯೋರು ಕಡಿಮೆ ಅಮ್ಮ" ಎಂದಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ದಣಿವು ಯಾಕೆ ಬರಬೇಕೋ. ಎಣ್ಣೆ ಬಿಸಿ ಮಾಡಿ ತಲೆಗೆ ಹಾಕಿ ತಿಕ್ಕಿದೆ. ಅವಳು ಕೂತಲ್ಲೇ ತೂಕಡಿಸಿದಳು.

ಕಚೇರಿಯ ಉತ್ತರ ಬರಲು ತಡವಾಗಲಿಲ್ಲ. ಈ ತಿಂಗಳು ಮುಗಿಯುವವರೆಗೆ ಗಂಜಿ, ಬರುವ ತಿಂಗಳಿಂದ ಪೊಟ್ಟಣ. ಇನ್ನೊಂದು ಪರೀಕ್ಷೆಯ ಮಾತನ್ನು ಅವರು ಎತ್ತಿರಲಿಲ್ಲ. ಓದಿ ಹೇಳಿದ ಕೆಂಪಸಿದ್ದಯ್ಯ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಯಾರನ್ನೂ ನೋಡದೆ ಹೊರಟುಹೋದ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ದ್ಯಾವೀರಮ್ಮ ನನ್ನ ಮನೆಯ ಕದ ತಟ್ಟಿದಳು. "ಏಳೇ, ಹಂಡೆಗೆ ಒಂದು ಕೈ ಕೊಡು."

"ಎಲ್ಲಿಗೆ?"

"ಗೂಡಿಗೆ."

ಅಷ್ಟು ದೂರ ಬಿಸಿ ಹಂಡೆ ಹೊತ್ತುಕೊಂಡು ಹೋಗುವುದು ನಮ್ಮ ವಯಸ್ಸಿನವರ ಕೆಲಸವಲ್ಲ. ಹಾಗೆಂದೇ ಹೇಳಿದೆ. ಇದರಿಂದ ಕಚೇರಿಯ ಕಾಗದ ಬದಲಾಗುವುದಿಲ್ಲ, ಮೇದಿನಿಯ ಸಾಲೂ ಬದಲಾಗುವುದಿಲ್ಲ, ಅದು ಮುಗಿದ ನೋಟ ಎಂದೂ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು ನನ್ನನ್ನು ಗಂಜಿಮನೆಗೆ ಕರೆದೊಯ್ದು, ಹಂಡೆಯ ಒಂದು ಹಿಡಿಗೆ ಬಟ್ಟೆ ಸುತ್ತಿ ನನ್ನ ಕಡೆಗೆ ತಿರುಗಿಸಿದಳು. ಹಿಡಿದೆ.

ಗಂಜಿಮನೆಯ ಮುಂದೆ ಆಗಲೇ ಊರೊಳಗಿನ ಮಕ್ಕಳು ಬಟ್ಟಲು ಹಿಡಿದು ನಿಂತಿದ್ದವು. ಹಂಡೆ ತಮ್ಮನ್ನು ದಾಟಿಕೊಂಡು ಹೋಗುವುದನ್ನು ಕಂಡು ಅವು ಬಾಯಿ ತೆರೆದವು. ಅಧ್ಯಕ್ಷನ ಮೊಮ್ಮಗಳು ಬಟ್ಟಲನ್ನು ಜಗಲಿಗೆ ಬಡಿದು, "ಅಜ್ಜೀ, ನಾವು ಮೊದ್ಲು ಬಂದಿದ್ದು" ಎಂದು ಕೂಗಿದಳು.

"ಇವ್ರ ಹೊಟ್ಟೆ ಕಾಯ್ತದಲ್ಲ ಅಕ್ಕ" ಎಂದೆ.

"ಇಷ್ಟು ದಿನ ಅವ್ರ ಹೊಟ್ಟೆ ಕಾದಿಲ್ವಾ" ಎಂದಳು ದ್ಯಾವೀರಮ್ಮ. "ಕಾಲು ಹಾಕು, ಆರೋಯ್ತದೆ."